ಸುರಪುರದವಳ ಸೀರೆ

ಆ ಸೀರೆಯನ್ನು ನಾನು ತೊಳೆದೆ. ಬಕೆಟ್ಟಿನಲ್ಲಿ ಸಾಬೂನು ಪುಡಿ ಹಾಕಿ ನೆನೆಸಿಟ್ಟು, ಕಲ್ಲಿಗೆ ಬಡಿದು, ನೀರು ತಿಳಿಯಾಗುವವರೆಗೆ ಹಿಂಡಿ, ಹಿತ್ತಲಿನ ತಂತಿಯ ಮೇಲೆ ಹರವಿದೆ. ಕೌದಿ ಹೊಲಿಯುವ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಾಳೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸಾಲು ಸಾಲಾಗಿ ದಾರ ಓಡಿಸಿದರೆ ಕೌದಿ. ಅದು ನಮ್ಮವ್ವ ಕಲಿಸಿದ ಕೆಲಸ. ಅವಳು ಮೊದಲು ಕಲಿಸಿದ್ದು, ಪರರ ಮೈಮೇಲಿನ ಅರಿವೆಗೆ ತೊಳೆಯದೆ ಸೂಜಿ ಚುಚ್ಚಬಾರದು ಎಂದು.

ಸಂಜೆ ನಮ್ಮ ಮಕ್ಕಳ ಮನೆಯ ಮೇಡಂ ಬಂದಳು. ತಂತಿಯ ಮೇಲೆ ಹಾರಾಡುತ್ತಿದ್ದ ಸೀರೆ ನೋಡಿ ಹಿತ್ತಲ ಬಾಗಿಲಲ್ಲೇ ನಿಂತಳು.

“ಆಯಿ, ಅದನ್ನ ಒಗದೀರೇನ್ರಿ?”

“ಮತ್ತ? ಹಂಗೇ ಹೊಲೀಲೇನ್ರಿ? ಬೆವರು ನಾರ್ತಿತ್ತು.”

“ಅಯ್ಯ, ಆ ಬೆವರೇ ಬೇಕಾಗಿತ್ತಲ್ರಿ ನನಗ!”

ಅವಳು ಹಣೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಆಗ ಸಂಗತಿ ಬಿಡಿಸಿ ಹೇಳಿದಳು. ನಮ್ಮ ಕೂಸನ್ನು ಕರೆದುಕೊಂಡು ಹೋಗಲಿರುವ ಸುರಪುರದ ಹೆಂಗಸು ಉಟ್ಟು ಬಿಟ್ಟ ಸೀರೆ ಅದು, ಅಷ್ಟು ನನಗೂ ಗೊತ್ತಿತ್ತು. ಮೇಡಂ ಬೇಕೆಂದೇ ಅದನ್ನು ಒಗೆಯದೆ ತರಿಸಿದ್ದಳಂತೆ. ಕೂಸು ಅದರ ಕೌದಿಯಲ್ಲಿ ಕೆಲವು ದಿನ ಮಲಗಿದರೆ ಆ ಹೆಂಗಸಿನ ವಾಸನೆ ಗುರುತಾಗುತ್ತದೆ, ಹೋದ ಮನೆ ಪೂರ್ತಿ ಪರದೇಶ ಅನ್ನಿಸುವುದಿಲ್ಲ. ನನ್ನ ಕೈಗೆ ಕೊಡುವಾಗ ‘ಕೌದಿ ಮಾಡ್ರಿ’ ಎಂದಿದ್ದಳೇ ಹೊರತು ತೊಳೆಯಬೇಡ ಎಂದಿರಲಿಲ್ಲ. ಕೌದಿ ಹೊಲಿಯುವವರ ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲ, ಅವಳ ಓದಿನ ಕಟ್ಟಳೆ ನನಗೆ ಗೊತ್ತಿರಲಿಲ್ಲ.

ನಾನು ಮೇಲೆ “ಹೌದೇನ್ರಿ” ಎಂದೆ. ಒಳಗೆ ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಕುಡಿದಂತಾಯಿತು. ಸುರಪುರದವಳು ಒಂದು ಬಕೆಟ್ ನೀರಿನಲ್ಲಿ ಮೋರಿಗೆ ಹೋಗಿದ್ದಳು.

ಯಾದಗಿರಿಯಲ್ಲಿ, ಸ್ಟೇಷನ್ನಿನ ಆಚೆ, ಸಣ್ಣ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯೊಂದಿದೆ. ಬಿಟ್ಟುಹೋದ ಮಕ್ಕಳು, ಸಾಕುವವರಿಲ್ಲದ ಮಕ್ಕಳು, ಪೊಲೀಸರು ಎತ್ತಿಕೊಂಡು ಬಂದ ಮಕ್ಕಳು. ನಾನು ಅಲ್ಲಿ ಆಯಾ. ಹೇಲು ತೊಳೆಯುವುದು, ಉಣಿಸುವುದು, ಮಲಗಿಸುವುದು ನನ್ನ ಕೆಲಸ. ಮೇಡಂ ಮಕ್ಕಳ ಕೆಲಸಕ್ಕೆಂದೇ ಓದಿ ಬಂದವಳು. ಯಾವ ಮಗು ಯಾವ ಮನೆಗೆ ಹೋಗಬೇಕು, ಆ ಮನೆಯವರು ಎಂಥವರು, ಹೋದ ಮೇಲೆ ಮಗು ಉಣ್ಣುತ್ತದೋ ಇಲ್ಲವೋ, ಇದನ್ನೆಲ್ಲ ತಿರುಗಿ ನೋಡಿ ಮಕ್ಕಳ ಕಲ್ಯಾಣ ಸಮಿತಿಗೆ ಹೇಳುವುದು ಅವಳ ಕೆಲಸ. ನನ್ನ ಮಗಳಿಗಿಂತ ಸಣ್ಣವಳು. ಎದುರಿಗೆ ಮೇಡಂ, ರೀ ಎನ್ನುತ್ತೇನೆ. ಇಲ್ಲಿ ಬಂದಳು, ಹೋದಳು ಎಂದೇ ಬರೆಯುತ್ತೇನೆ. ಅವಳು ಓದಿದರೂ ಬೇಜಾರು ಮಾಡಿಕೊಳ್ಳುವವಳಲ್ಲ.

ಕೂಸು ನಮ್ಮಲ್ಲಿಗೆ ಬಂದಾಗ ಅದರ ಕುತ್ತಿಗೆ ನಿಂತಿರಲಿಲ್ಲ. ಸೈದಾಪುರದ ಕಡೆಯಿಂದ ತಂದರು. ಹೆಣ್ಣು. ಹೆತ್ತವಳು ಬದುಕಿದ್ದಳು, ಆದರೆ ತನ್ನ ಕೂದಲು ತಾನು ಬಾಚಿಕೊಳ್ಳುವಷ್ಟೂ ಬುದ್ಧಿ ಸ್ತಿಮಿತವಿರಲಿಲ್ಲ. ಒಪ್ಪಿಗೆ ಕೊಡುವವರಿಲ್ಲದ್ದರಿಂದ ದತ್ತು ಕೊಡುವ ಹಾಗಿರಲಿಲ್ಲ, ಸಾಕಲು ಒಂದು ಮನೆಗೆ ಕೊಡಬಹುದಿತ್ತು. ಅಂಥ ಮನೆ ಸಿಗುವಷ್ಟರಲ್ಲಿ ಕೂಸು ನನ್ನ ಕಾಲ ಸಂದಿಯಲ್ಲಿ ನಡೆಯುವುದನ್ನು ಕಲಿತಿತ್ತು. ಮಲಗುವಾಗ ನನ್ನ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಳ್ಳುತ್ತಿತ್ತು. ಬೇರೆಯವರು ಎತ್ತಿಕೊಂಡರೆ ಕೈಕಾಲು ಬಡಿಯುತ್ತಿತ್ತು. ಮಾತು ಬಂದಾಗ ನನ್ನ ಕಡೆ ನೋಡಿ ‘ಅವ್ವ’ ಎಂದಿತು.

ಅದು ನಮ್ಮಲ್ಲಿ ತಪ್ಪು. ಆಯಾಗಳನ್ನು ಮಕ್ಕಳು ಆಯಿ ಅನ್ನಬೇಕು, ಅವ್ವ ಅನ್ನಬಾರದು. ಮೇಡಂ ನನ್ನನ್ನು ಕರೆದು ಕೂರಿಸಿದಳು.

“ನಾನೇನ್ ಕಲಿಸೀನೇನ್ರಿ? ಅದರ ಬಾಯಿ, ಅದು ಅಂತದ.”

“ನೀವು ಓ ಅಂತೀರಲ್ರಿ ಆಯಿ. ಅದೇ ಕಲಿಸೋದು.”

“ಕೂಸು ಕರದ್ರ ಓ ಅನಬಾರದೇನ್ರಿ?”

“ಅನ್ರಿ. ‘ಆಯಿ ಬಂದ್ಳು’ ಅಂತ ಹೇಳಕೋತ ಬರ್ರಿ. ನಾಳೆ ಅದು ಬ್ಯಾರೆ ಮನೀಗಿ ಹೋಗತದ. ಅಲ್ಲಿ ಕೂತು ಅವ್ವ ಎಲ್ಲಿ ಅಂತ ಅತ್ರ ಯಾರು ಜವಾಬು ಕೊಡಬೇಕು?”

ಮನೆ ಸಿಕ್ಕಿದ ಮೇಲೆ ಇನ್ನೊಂದು ಕೆಲಸ ಹಚ್ಚಿದಳು. ಸುರಪುರದ ಗಂಡ ಹೆಂಡತಿಯ ಫೋಟೋ ತಂದು ಕೂಸಿನ ಎತ್ತರಕ್ಕೆ ಗೋಡೆಗೆ ಅಂಟಿಸಿದಳು. ದಿನಾ ಬೆಳಿಗ್ಗೆ ನಾನು ಕೂಸನ್ನು ಅದರ ಮುಂದೆ ನಿಲ್ಲಿಸಿ, ಬೆರಳು ತೋರಿಸಿ, “ಇಕಿ ನಿಮ್ಮವ್ವ” ಎನ್ನಬೇಕು. ನಾನೇ ಅನ್ನಬೇಕು, ಬೇರೆ ಆಯಾ ಅಂದರೆ ಆಗದು.

ಫೋಟೋದ ಹೆಂಗಸು ಗಿಳಿಹಸಿರು ಸೀರೆ ಉಟ್ಟಿದ್ದಳು. ತುಂಬಿದ ತೋಳು. ಕಿವಿಯಲ್ಲಿ ಬೆಂಡೋಲೆ. ಬಾಯಿ ತುಂಬ ಹಲ್ಲು. ಗಂಡನದು ಕಿರಾಣಿ ಅಂಗಡಿ, ಮಕ್ಕಳಿಲ್ಲ. ಅಂಥವಳಿಗೆ ಏನು ಕಡಿಮೆ ಎಂದು ನನಗೆ ಸಿಟ್ಟು. ಮನೆ ಇದೆ, ಮಾತು ಕೇಳುವ ಗಂಡನಿದ್ದಾನೆ, ಆ ತೋಳಿದೆ. ಅದರ ಮೇಲೆ ನನ್ನ ಕೂಸೂ ಬೇಕೇ? ನಾನು ದಿನಾ “ಇಕಿ ನಿಮ್ಮವ್ವ” ಎಂದೆ. ಅನ್ನುವಾಗ ಗೋಡೆ ನೋಡುತ್ತಿರಲಿಲ್ಲ, ಕಿಟಕಿ ನೋಡುತ್ತಿದ್ದೆ.

ನನ್ನ ಜೊತೆಯ ಆಯಾ ಮನೆಯಲ್ಲಿ ಉರ್ದು, ಇಲ್ಲಿ ಕನ್ನಡ ಮಾತಾಡುವವಳು. ನನಗಿಂತ ಸಣ್ಣವಳು, ನಾಲಿಗೆ ದೊಡ್ಡದು. ಹಾಲಿನ ಪಾತ್ರೆ ಹಿಡಿದು ನಿಂತು ಇದನ್ನು ನೋಡುತ್ತಿದ್ದಳು.

“ಅಮ್ಮಾ, ನಿನ್ನ ಹೊಟ್ಟಿ ಉರಿ ಮ್ಯಾಲ ಈ ಪಾತೇಲಿ ಇಟ್ರ ಹಾಲು ಉಕ್ಕತಾವ. ಖಾಲಿಪೀಲಿ ಗ್ಯಾಸ್ ಯಾಕ ಸುಡಬೇಕು?”

“ನೀ ಸಾಕಿದ್ದು ಹೋಗಲಿ, ಆಮ್ಯಾಲ ನೋಡೂಣು ನಿನ್ನ ನಗಿ.”

“ನಾ ಸಾಕಿದ್ದು ಎಷ್ಟ್ ಹೋಗ್ಯಾವ ಬೇ. ಅತ್ತೀನಿ, ಉಂಡೀನಿ, ಮಕ್ಕೊಂಡೀನಿ. ಮುಂಜಾನೆದ್ದು ಇನ್ನೊಂದರ ಕುಂಡಿ ತೊಳದೀನಿ. ನಿಂದೇನು ಸ್ಪೆಷಲ್?”

ಅವಳ ಮೇಲೂ ನನಗೆ ಹೊಟ್ಟೆಕಿಚ್ಚು. ಅತ್ತು ಉಂಡು ಮಲಗಲು ಬರುವವರ ಮೇಲೆ ನನಗೆ ಯಾವಾಗಲೂ ಹೊಟ್ಟೆಕಿಚ್ಚು. ನನಗೆ ಅಳು ಬರುವುದಿಲ್ಲ, ಊಟ ಸೇರುವುದಿಲ್ಲ, ಕಣ್ಣು ಕೂಡುವುದಿಲ್ಲ.

ಸುರಪುರದವಳು ನಡುವೆ ಬಂದು ಹೋಗುತ್ತಿದ್ದಳು. ಬರುವಾಗ ಕೀಲಿ ಕೊಟ್ಟರೆ ನಡೆಯುವ ಗೊಂಬೆ ತಂದಳು. ಕೂಸು ಗೊಂಬೆ ತೆಗೆದುಕೊಂಡಿತು, ಅವಳ ಹತ್ತಿರ ಹೋಗಲಿಲ್ಲ. ನನ್ನ ಸೊಂಟ ಬಿಡಲಿಲ್ಲ. ನಾನೂ ಬಿಡಿಸಲಿಲ್ಲ. ಅವಳು ಕೈ ಚಾಚಿಕೊಂಡು, ಹಲ್ಲು ಕಾಣುವಂತೆ ನಗುತ್ತಾ, ತೋಳು ನೋಯುವಷ್ಟು ಹೊತ್ತು ನಿಂತಳು. ಮೇಡಂ ಅದನ್ನು ನೋಡಿದಳು. ಸುರಪುರದವಳು ಹೋದ ಮೇಲೂ ನನಗೆ ಬೈಯಲಿಲ್ಲ.

“ಆಯಿ, ನಿಮ್ಮನ್ನ ಅಡಿಗಿ ಮನೀಗಿ ಹಾಕ್ರಿ ಅಂತ ಒಬ್ರು ಹೇಳಿದ್ರು. ನಾ ಒಪ್ಪಿಲ್ಲ. ಯಾಕ ಗೊತ್ತೇನ್ರಿ? ಕೂಸು ಹೋಗೂ ಮುಂದ ನಿಮ್ಮ ಮಾರಿ ನೋಡತದ. ನೀವು ಹೂಂ ಅಂದ್ರ ಅದಕ್ಕ ಹೂಂ. ನಿಮ್ಮನ್ನ ಬಚ್ಚಿಟ್ರ ಯಾರ ಮಾರಿ ನೋಡಬೇಕದು?”

“ನನ್ನ ಮಾರಿ ಹಿಂಗೇ ಅದ. ಹುಟ್ಟಿದಾಗಿಂದ.”

ಅವಳು ನಕ್ಕಳು. ಆಮೇಲೆ ಸೀರೆಯ ಸಂಗತಿ ಬಂತು, ನಾನು ತೊಳೆದೆ.

ಮೇಡಂ ಸುಮ್ಮನೆ ಕೂರಲಿಲ್ಲ. ಮತ್ತೆ ಸುರಪುರಕ್ಕೆ ಹೋಗಿ ಇನ್ನೊಂದು ಉಟ್ಟ ಸೀರೆ ತಂದಳು. ಈ ಸಲ ಅದರ ಜೊತೆ ನನ್ನ ಒಂದು ಸೀರೆಯನ್ನೂ ಕೇಳಿದಳು, ಒಗೆಯದ್ದು. ಎರಡನ್ನೂ ಕೂಡಿಸಿ ಹೊಲಿಯಬೇಕು. ನನ್ನ ವಾಸನೆ ಹಿಡಿದುಕೊಂಡು ಕೂಸು ಅವಳ ವಾಸನೆಗೆ ದಾಟಲಿ ಎಂದು. ಇದು ನನಗೆ ಹಿಡಿಸಿತು. ನಮ್ಮವ್ವನ ಕಟ್ಟಳೆಯನ್ನು ಒಂದು ಸಲ ಬದಿಗಿಟ್ಟು, ಬೆವರಿನ ಸೀರೆಗೆ ಸೂಜಿ ಹಾಕಿದೆ. ಕೆನ್ನೆ ಬರುವ ಕಡೆಗೆ ನನ್ನ ಸೀರೆ, ಕಾಲು ಬರುವ ಕಡೆಗೆ ಅವಳದು. ಹೊಲಿಯುವವಳು ನಾನು, ತಲೆ ಎಲ್ಲಿ ಕಾಲು ಎಲ್ಲಿ ಎಂದು ನಾನೇ ಹೇಳಬೇಕು. ಮೇಡಂ ಕೌದಿ ಬಿಚ್ಚಿ ನೋಡಿದಳು, ನನ್ನ ಮುಖ ನೋಡಿದಳು, “ಇರ್ಲಿ ಬಿಡ್ರಿ” ಎಂದಳು.

ಕೂಸು ಹೋಗುವ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ನಮ್ಮಲ್ಲಿ ಹಿಂದಿನಿಂದ ಒಂದು ರೂಢಿ ಇತ್ತು. ಮಗುವಿನ ಕೈಗೆ ಬಿಸ್ಕೀಟು ಕೊಟ್ಟು, ಅದು ಆ ಕಡೆ ನೋಡುವಾಗ ಆಯಾ ಈ ಕಡೆಯಿಂದ ಜಾರಿಬಿಡುವುದು. ಅಳುವುದನ್ನು ನೋಡುವ ಕಷ್ಟವಿಲ್ಲ. ಮೇಡಂ ಬಂದ ಮೇಲೆ ಅದನ್ನು ನಿಲ್ಲಿಸಿದ್ದಳು. ಕೂಸಿಗೆ ಸುಳ್ಳು ಹೇಳಬಾರದು, ಕಣ್ಣು ತಪ್ಪಿಸಿ ಹೋಗಬಾರದು, ಬರುತ್ತೇನೆ ಎಂದರೆ ಬರಬೇಕು, ಬರದಿದ್ದರೆ ಬರುವುದಿಲ್ಲ ಎನ್ನಬೇಕು.

ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, “ನೀ ಇವರ ಮನೀಗಿ ಹೊಂಟೀದಿ. ನಾ ಬರಂಗಿಲ್ಲ” ಎಂದೆ. ಅದು ನನ್ನ ಮುಖ ನೋಡಿತು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಅದು ಅತ್ತಿತು. ಕೌದಿಯ ಜೊತೆ ಅದನ್ನು ಸುತ್ತಿ ಎತ್ತಿಕೊಂಡು ಹೋದರು. ರಸ್ತೆ ತಿರುವಿನವರೆಗೆ ಸದ್ದು ಕೇಳಿಸಿತು.

ಮೊದಲು ಕೆಲವು ದಿನ ನೋಡುವುದು, ಹೊಂದಿಕೊಂಡರೆ ಸಮಿತಿ ಮುಂದುವರಿಸುವುದು, ಹೊಂದದಿದ್ದರೆ ಕೂಸು ನಮ್ಮಲ್ಲಿಗೆ ವಾಪಸ್. ಹೀಗೆಂದು ಮಾತಾಗಿತ್ತು. ನಾನು ಆ ‘ಹೊಂದದಿದ್ದರೆ’ ಎಂಬುದನ್ನು ಎದೆಯಲ್ಲಿ ಇಟ್ಟುಕೊಂಡು ಓಡಾಡಿದೆ.

ಹೊಂದಲಿಲ್ಲ. ಒಂದು ಬೆಳಿಗ್ಗೆ ಮೇಡಂ ಬಂದು ಹೇಳಿದಳು. ಮೊದಲೆರಡು ದಿನ ಹೇಗೋ ನಡೆಯಿತಂತೆ. ಈಗ ಕೂಸು ನಿದ್ದೆ ಮಾಡುತ್ತಿಲ್ಲ, ಉಣ್ಣುತ್ತಿಲ್ಲ, ಬಾಗಿಲ ಹತ್ತಿರ ಕೂತು ಅಳುತ್ತದೆ. ಆ ಹೆಂಗಸು ಫೋನಿನಲ್ಲಿ ತಾನೂ ಅತ್ತಳಂತೆ.

“ಹಿಂಗೇ ಇದ್ರ ವಾಪಸ್ ತರಬೇಕಾಗತದ ಆಯಿ. ಕಡೀ ಸಲ ನೋಡೂಣು. ನೀವು ನನ್ನ ಜೋಡಿ ಬರ್ರಿ.”

“ನಾ ಬಂದು ಏನ್ ಮಾಡಲಿ?”

“ಗೊತ್ತಿಲ್ಲ. ಬರ್ರಿ.”

ನನ್ನ ಚೀಲದಲ್ಲಿ ಬೀಡಾ ಡಬ್ಬಿ, ಆಧಾರ್ ಕಾರ್ಡು, ಅವುಗಳ ಕೆಳಗೆ ಕೂಸಿನ ಕೆಂಪು ಫ್ರಾಕು ಇಟ್ಟುಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಉಚ್ಚೆ ಮಾಡಿಕೊಂಡರೆ ಬೇಕಾಗುತ್ತದೆ. ನನ್ನ ಜೊತೆಯವಳು ನೋಡಿಬಿಟ್ಟಳು.

“ಅರೆ ವಾ! ಕೂಸಿಗಿಂತ ಮೊದಲು ಫ್ರಾಕ್ ಹೊಂಟದ!”

“ಬಾಯಿ ಮುಚ್ಚು.”

ಬಸ್ಸು ಭೀಮಾ ಸೇತುವೆ ದಾಟಿತು. ಆಮೇಲೆ ನಾನೇ ಕೇಳಿದೆ.

“ಮೇಡಂ, ನಿಮಗ ನಿದ್ದಿ ಬರತದೇನ್ರಿ?”

“ಬರತದ್ರಿ.”

“ಇಷ್ಟ ಮಕ್ಕಳನ್ನ ಅಲ್ಲಿ ಇಲ್ಲಿ ಬಿಟ್ಟು ಬರ್ತೀರಿ. ಕಲ್ಲು ಬಿಡ್ರಿ ನೀವು.”

ನಾನು ಸಿಟ್ಟು ಬರಿಸಲೆಂದೇ ಹೇಳಿದ್ದು. ಅವಳಿಗೆ ಬರಲಿಲ್ಲ. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಮೊದಲ ವರ್ಷ ಬರ್ತಿರ್ಲಿಲ್ರಿ. ಮನೀಗಿ ಹೋಗಿ ನನ್ನ ಮಗಳಿಗಿ ಹೊಡೀತಿದ್ದೆ, ಸುಮ್ಮಸುಮ್ಮನ. ಆಗ ನನ್ನ ಮ್ಯಾಲಿನವರೊಬ್ರು ಹೇಳಿದ್ರು, ನೀ ಮಕ್ಕಳ ಸಂಕಟ ಹೊರೂದಲ್ಲ, ಮಕ್ಕಳ ಕೆಲಸ ಮಾಡೂದು, ಎರಡೂ ಬ್ಯಾರೆ ಅಂತ. ಕೂಸು ಅಳೂ ಮುಂದ ನಾನೂ ಅತ್ರ ಅದು ಯಾರ ಕಡಿ ನೋಡಬೇಕ್ರಿ?”

“ಹಂಗಾರ ಎಲ್ಲಿ ಅಳ್ತೀರಿ?”

“ಶಹಾಪುರ ಬಸ್‌ಸ್ಟ್ಯಾಂಡಿನಾಗ” ಎಂದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಶಹಾಪುರದ ಗುಡ್ಡ ಬಂತು, ಯಾರೋ ಅಂಗಾತ ಮಲಗಿದ ಹಾಗೆ. ಅದಕ್ಕೂ ನಿದ್ದೆ ಬರುತ್ತದೆ. ಅಲ್ಲಿಂದ ಮುಂದೆ ಕಾಲುವೆ ನೀರಿನ ಭತ್ತದ ಗದ್ದೆಗಳು. ನಮ್ಮ ವಡಗೇರಾ ಕಡೆ ನಾನು ಹುಟ್ಟಿದಾಗಿನಿಂದ ಇಂಥ ಹಸಿರು ಕಂಡವಳಲ್ಲ. ಸುರಪುರದವಳ ಸೀರೆಯೂ ಇದೇ ಬಣ್ಣ ಎಂದು ನೆನಪಾಗಿ ಆ ಕಡೆ ನೋಡುವುದನ್ನು ಬಿಟ್ಟೆ.

ಇಳಿಯುವ ಮೊದಲು ಮೇಡಂ ಒಂದೇ ಮಾತು ಹೇಳಿದಳು: “ಕೂಸು ನಿಮ್ಮ ಕಡಿ ಓಡಿ ಬರತದ. ಬರ್ಲಿ. ನೂಕಬ್ಯಾಡ್ರಿ. ಆದ್ರ ಎತ್ತಿಕೊಂಡು ಆ ಹೆಣ್ಮಗಳಿಂದ ದೂರ ಹೋಗಬ್ಯಾಡ್ರಿ. ಆಕಿ ಮಗ್ಗಲಕ್ಕೇ ಕೂಡ್ರಿ.”

ಮನೆ ಕೋಟೆಯ ಕಡೆ ಹೋಗುವ ಓಣಿಯಲ್ಲಿ. ಮುಂದೆ ಅಂಗಡಿ, ಹಿಂದೆ ಮನೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಅಂಗಳದ ಹಗ್ಗ. ಹಗ್ಗದ ಮೇಲೆ ನಮ್ಮ ಕೌದಿ. ತೊಳೆದು ಹಾಕಿದ್ದಳು. ಬಟ್ಟೆ ಒಗೆಯುವ ಸೋಡಾದ ವಾಸನೆ ಬಾಗಿಲವರೆಗೆ ಬರುತ್ತಿತ್ತು.

ಮೇಡಂ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಕೂಸು ನನ್ನನ್ನು ಕಂಡಿತು. ಓಡಿ ಬಂದು ಕಾಲಿಗೆ ಸುತ್ತಿಕೊಂಡಿತು. “ಅವ್ವ, ಅವ್ವ” ಎಂದು ಸೆರಗು ಎಳೆದು ಬಾಯಿಗೆ, ಮೂಗಿಗೆ, ಕಣ್ಣಿಗೆ ಒತ್ತಿಕೊಂಡಿತು. ತುಟಿ ಒಡೆದಿತ್ತು. ಕೆನ್ನೆಯ ಮೇಲೆ ಕಣ್ಣೀರು ಒಣಗಿ ಗೆರೆಯಾಗಿತ್ತು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಅದನ್ನು ಬರೆದರೆ ಜನ ನನಗೆ ಉಗುಳುತ್ತಾರೆ. ಆದರೂ ಬರೆದೆ. ಖುಷಿಯಾಯಿತು.

ಸುರಪುರದವಳು ಅಡುಗೆ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಈ ಸಲ ಹಲ್ಲು ಕಾಣಿಸಲಿಲ್ಲ.

“ನೋಡ್ರಿ ಮೇಡಂ, ನೋಡ್ರಿ” ಎಂದಳು. “ನಾ ಅನ್ನ ಕಲಿಸಿ ಕಲಿಸಿ ಕೈ ಸೋತದ. ಇಕಿ ಬಂದ್ಳು, ಕೂಸು ಎದ್ದು ಓಡ್ತು.”

ಮೇಡಂ ಮೆಲ್ಲಗೆ ಕೇಳಿದಳು, “ಕೌದಿ ಯಾವಾಗ ಒಗದ್ರಿ ಯಕ್ಕಾ?”

“ಬಂದ ಮೂರನೇ ದಿನ. ಇವತ್ತ ಮತ್ತೊಮ್ಮೆ. ಯಾಕ್ರಿ? ಒಗೀಬಾರದೇನು? ಅಷ್ಟ ಮಕ್ಕಳಿರೂ ಮನೀದು, ಯಾರ್ಯಾರ ಉಚ್ಚಿ ಹತ್ತಿತ್ತೋ.”

“ಒಂದರ ಉಚ್ಚೀನೂ ಹತ್ತಿರಲಿಲ್ಲ” ಎಂದೆ ನಾನು. “ನಾ ಹೊಲಿದಿದ್ದು.”

ಅವಳು ನನ್ನ ಕಡೆ ತಿರುಗಿದಳು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು.

“ಹೌದು, ನೀವೇ ಹೊಲಿದಿದ್ದು. ಗೊತ್ತಾಗ್ತಿತ್ತು. ಮುದುಕೇರ ವಾಸನಿ, ಎಲಿಅಡಿಕಿ ವಾಸನಿ. ಕೂಸು ನನ್ನ ಮಗ್ಗಲದಾಗ ಮಕ್ಕೊಂಡು ಆ ಕೌದಿ ಮೂಸ್ತಿತ್ತು. ನನ್ನ ಕಡಿ ಬೆನ್ನು ಮಾಡಿ. ನನ್ನ ಮನಿ, ನನ್ನ ಹಾಸಿಗಿ, ಅದರಾಗ ನೀವು ಬಂದು ಮಕ್ಕೊಂಡಂಗ ಆಗ್ತಿತ್ತು ನನಗ. ಒಗದೀನಿ. ಬಡಿದು ಬಡಿದು ಒಗದೀನಿ. ಈಗೇನ್ ಮಾಡ್ತೀರಿ?”

ಅವಳ ಗಂಡ ಅಂಗಡಿಯಿಂದ ಒಳಗೆ ಇಣುಕಿ, ಹೆಂಗಸರ ಮಾತು ಎಂದು ಮತ್ತೆ ತಕ್ಕಡಿಯ ಕಡೆ ಹೋದ.

ನಾನು ಏನೂ ಮಾಡಲಿಲ್ಲ. ಕೂತೆ. ಇಂಥ ಮಾತನ್ನು ನನಗಿಂತ ಚೆನ್ನಾಗಿ ತಿಳಿಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಅವಳ ಸೀರೆ ಬಡಿದ ಹಾಗೆಯೇ ಅವಳು ನನ್ನದನ್ನು ಬಡಿದಿದ್ದಳು. ನಾನು ಕಟ್ಟಳೆಯ ಹೆಸರು ಹೇಳಿದೆ, ಅವಳು ಉಚ್ಚೆಯ ಹೆಸರು ಹೇಳಿದಳು. ಅವಳ ತೋಳು, ಅವಳ ಬೆಂಡೋಲೆ, ಅವಳ ಗಿಳಿಹಸಿರು ನೋಡಿ ನಾನು ಉರಿದುಕೊಂಡಿದ್ದರೆ, ಈ ಹೆಂಗಸು ನನ್ನ ಎಲೆಅಡಿಕೆಯ ನಾತಕ್ಕೆ ಉರಿದುಕೊಳ್ಳುತ್ತಿದ್ದಳು. ನಾವಿಬ್ಬರು ಹೀಗೆ ಸೀರೆ ಬಡಿಯುತ್ತಾ ಕೂತರೆ ನಡುವೆ ಕೂಸು ನಿದ್ದೆಯಿಲ್ಲದೆ ಒಣಗುತ್ತದೆ.

ಮೇಡಂ ಬಾಯಿ ಹಾಕಲಿಲ್ಲ. ಅವಳು ಬಾಯಿ ಹಾಕಿದ್ದರೆ ನಾನು ಖಂಡಿತ ಎದುರು ಮಾತಾಡಿ, ಕೂಸನ್ನು ಎತ್ತಿಕೊಂಡು ಎದ್ದುಬಿಡುತ್ತಿದ್ದೆ. ಚೀಲದಲ್ಲಿ ಫ್ರಾಕು ಇತ್ತಲ್ಲ.

ಎತ್ತಿಕೊಂಡು ಹೋಗಿ ಏನು ಮಾಡುವುದು? ಅದನ್ನೂ ಕೂತಲ್ಲೇ ನೋಡಿದೆ. ನಮ್ಮಲ್ಲಿ ಸಣ್ಣ ಮಕ್ಕಳಷ್ಟೇ ಇರುವುದು. ಸ್ವಲ್ಪ ದೊಡ್ಡದಾದರೆ ಬೇರೆ ಊರಿನ ದೊಡ್ಡ ಹುಡುಗಿಯರ ಮನೆಗೆ ಕಳಿಸುತ್ತಾರೆ. ನನ್ನ ಮೊಣಕಾಲು ಈಗಲೇ ಕಟಕಟ ಎನ್ನುತ್ತದೆ. ಅಲ್ಲಿಗೆ ನಾನು ಅದರ ಹಿಂದೆ ಹೋಗುತ್ತೇನೆಯೇ? ಅಲ್ಲಿ ಯಾರ ಸೆರಗು ಮೂಸಬೇಕು ಅದು?

“ಇಲ್ಲಿ ಬಾರಬೇ” ಎಂದೆ ಸುರಪುರದವಳಿಗೆ. “ನಿನ್ನ ಸೀರಿ ಬಿಚ್ಚು.”

“ಏನ್ರೀ?”

“ಸೀರಿ ಬಿಚ್ಚು ಅಂದೆ. ನಂದು ಉಟ್ಕೋ. ಯಾದಗಿರಿಲಿಂದ ಬಸ್ಸಿನಾಗ ಕುಂತು ಬಂದೀನಿ, ಬೇಕಾದಷ್ಟು ಬೆವರ್ಯಾದ. ಎಲಿಅಡಿಕಿನೂ ಚೆಲ್ಲ್ಯಾದ. ನಾರತದ. ನಾರ್ಲಿ. ನಾರೂದು ನಿನ್ನ ಮೈಯಾಗಿಂದ ನಾರ್ಲಿ.”

ಅವಳು ಮೇಡಂ ಕಡೆ ನೋಡಿದಳು. ಮೇಡಂ ನೆಲ ನೋಡುತ್ತಿದ್ದಳು, ನಗು ತಡೆದುಕೊಂಡಿದ್ದಳೋ ಬೇರೇನೋ. “ನಾ ಹೇಳಿದ್ದಲ್ರಿ ಇದು. ನಿಮಗ ಮನಸಿದ್ರ ಅಷ್ಟೇ” ಎಂದಳು.

ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾವಿಬ್ಬರು ಸೀರೆ ಬದಲಿಸಿದೆವು. ಕೂಸು ನಮ್ಮಿಬ್ಬರ ಕಾಲ ಹತ್ತಿರ ಕೂತು ನೋಡುತ್ತಿತ್ತು. ನನ್ನ ಸೀರೆ ಮೂಗಿನ ಹತ್ತಿರ ಬಂದಾಗ ಅವಳು ಮುಖ ಹಿಂಡಿದಳು, ಆದರೂ ನಿರಿಗೆ ಹಾಕಿ ಸಿಕ್ಕಿಸಿಕೊಂಡಳು. ಅವಳ ಸೀರೆ ನನಗೆ ಉದ್ದವಾಯಿತು. ಮೆತ್ತಗಿತ್ತು. ಒಳ್ಳೆಯ ಬೆಲೆಯದು.

“ಈಗ ಮಕ್ಕೋ. ಸೆರಗು ಅದರ ಕೈಯಾಗ ಕೊಡು. ನೀ ಕರೀಬ್ಯಾಡ, ಹಾಡಬ್ಯಾಡ, ಹಲ್ಲ ತೋರಿಸಬ್ಯಾಡ. ಸುಮ್ಕ ಮಕ್ಕೋ.”

ನಾನು ಕೋಣೆಯಲ್ಲೇ ಗೋಡೆಗೆ ಒರಗಿ ಕೂತೆ, ಅದರ ಕಣ್ಣಿಗೆ ಕಾಣುವ ಹಾಗೆ. ಕೂಸು ಅವಳ ಕಡೆ ನೋಡಿತು, ನನ್ನ ಕಡೆ ನೋಡಿತು. ನನ್ನ ಸೀರೆ ಅಲ್ಲಿ, ನಾನು ಇಲ್ಲಿ. ಮೊದಲು ನನ್ನ ಹತ್ತಿರ ಬಂದು ಸೆರಗು ಎತ್ತಿ ಮೂಸಿತು. ಅದು ಸುರಪುರದವಳದು. ಬಿಟ್ಟಿತು. ಆ ಕಡೆ ಹೋಯಿತು. ಅವಳ ಹೊಟ್ಟೆಯ ಹತ್ತಿರ ಸೀರೆ ಮುದ್ದೆ ಮಾಡಿ ಮೂಗು ಹೂತು, ಮತ್ತೆ ತಲೆ ಎತ್ತಿ ನನ್ನ ಮುಖ ನೋಡಿತು.

ಮೇಡಂ ಹೇಳುತ್ತಿದ್ದದ್ದು ಇದನ್ನೇ. ಗೋಡೆಯ ಫೋಟೋ ತೋರಿಸುವಾಗ ಕಿಟಕಿ ನೋಡಿದ ಹಾಗೆ ಈಗಲೂ ಆ ಕಡೆ ನೋಡಬಹುದಿತ್ತು. ನೋಡಲಿಲ್ಲ. ಅದರ ಕಣ್ಣಿಗೆ ಕಣ್ಣು ಕೊಟ್ಟು, “ಹೂಂ. ಇಕಿ ನಿಮ್ಮವ್ವ. ಮಕ್ಕೋ” ಎಂದೆ.

ಮಲಗಿತು. ಎಷ್ಟೋ ದಿನದ ನಿದ್ದೆ. ಅದರ ಬಾಯಿ ತೆರೆದು ಜೊಲ್ಲು ನನ್ನ ಸೀರೆಯ ಮೇಲೆ ಇಳಿಯಿತು. ನನ್ನ ಸೀರೆ, ನನ್ನ ಬೆವರು, ಎಲ್ಲ ಸೇರಿ ನನಗೇ ದ್ರೋಹ ಮಾಡಿದವು. ಸುರಪುರದವಳು ಅಲುಗಾಡಲಿಲ್ಲ. ಮೈಯೆಲ್ಲ ಬಿಗಿ ಹಿಡಿದು, ಉಸಿರೂ ಅರ್ಧ ಅರ್ಧ ಬಿಡುತ್ತಾ ಮಲಗಿದ್ದಳು. ಅವಳ ಕಣ್ಣಿನಿಂದ ನೀರು ಕಿವಿಗೆ ಇಳಿದು ಬೆಂಡೋಲೆಯ ಹತ್ತಿರ ನಿಂತಿತ್ತು. ನನಗೆ ಅವಳ ಮೇಲೆ ಅಂತಃಕರಣ ಬರಲಿಲ್ಲ. ಅವಳ ಜಾಗದಲ್ಲಿ ನಾನು ಮಲಗಬೇಕಿತ್ತು ಎಂದೇ ಅನ್ನಿಸುತ್ತಿತ್ತು.

ನಾನು ಎದ್ದು ಮೇಡಂ ಹತ್ತಿರ ಹೋಗಿ, “ನಡೀರಿ, ಮಲಗ್ಯಾದ. ಹೋಗೂಣು” ಎಂದೆ.

“ಮಲಗಿದಾಗ ಹೋಗೂದಾ?”

“ಬಸ್ಸು ಹೋಗತದ್ರಿ.”

“ಇನ್ನೊಂದು ಬರತದ. ಎದ್ದ ಮ್ಯಾಲ ಹೇಳಿ ಹೋಗೂಣು. ಕಣ್ಣು ಬಿಟ್ಟು ನೋಡಿದಾಗ ನೀವು ಇರದಿದ್ರ, ನಾಳಿಂದ ಅದು ಮಲಗಾಕೇ ಅಂಜತದ.”

ಕಾದೆವು. ಗಂಡ ಚಹಾ ತಂದು ಕೊಟ್ಟ, ಜೊತೆಗೆ ಮಂಡಕ್ಕಿ ಒಗ್ಗರಣೆಯ ಸುಸಲಾ. ನಾನು ಉಂಡೆ. ಊಟ ಸೇರಿತು, ಅದು ನನಗೇ ಆಶ್ಚರ್ಯ. ಮೇಡಂ ಹಗ್ಗದ ಮೇಲಿನ ಕೌದಿ ಒಣಗಿದೆಯೇ ಎಂದು ಮುಟ್ಟಿ ನೋಡಿ, ಮಡಚಿ, ನನ್ನ ಪಕ್ಕ ಇಟ್ಟಳು. ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿದ ಮೇಲೆ ಕೂಸು ಎದ್ದಿತು. ಕಣ್ಣು ಉಜ್ಜಿಕೊಂಡು, ಸೀರೆಯ ಒಳಗಿರುವವಳು ಯಾರು ಎಂದು ನೋಡಿತು. ಅಳಲು ಬಾಯಿ ತೆಗೆದು, ಹಾಗೇ ಮುಚ್ಚಿತು. “ನೀರು” ಎಂದಿತು. ಅವಳ ಕಡೆ ನೋಡಿ ಕೇಳಿತು, ನನ್ನ ಕಡೆ ಅಲ್ಲ.

ನಾನು ಕುಕ್ಕರಗಾಲಲ್ಲಿ ಕೂತೆ.

“ನಾ ಹೊಂಟೀನಿ. ಇಲ್ಲೇ ಇರು. ಇವತ್ತ ಮತ್ತ ಬರಂಗಿಲ್ಲ.”

“ಆಯಿ ಬಂದ್ಳು” ಎಂದಿತು ಕೂಸು. ನಾನು ಅದರ ಕಿವಿಗೆ ಎಷ್ಟೋ ಸಲ ಹಾಕಿದ್ದ ಮಾತು, ಹೋಗುವಾಗ ಬಾಯಿಂದ ಬಂತು.

“ಬಂದಿಲ್ಲ, ಹೊಂಟ್ಯಾಳ ಆಯಿ” ಎಂದೆ. ಅದು ಕ್ಷಣ ಹೊತ್ತು ನೋಡಿ ಟಾಟಾ ಮಾಡಿತು.

ಸುರಪುರದವಳು ಬಾಗಿಲವರೆಗೆ ಬಂದಳು, ಕೂಸು ಅವಳ ಸೊಂಟದ ಮೇಲೆ. “ನಿಮ್ಮ ಸೀರಿ?” ಎಂದಳು.

“ಇರ್ಲಿ. ನಿಂದು ವಾಸನಿ ಆಗೂತನಾ ಉಡು. ಒಗದೀದಿ ನೋಡು ಮತ್ತ.”

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಮೇಡಂ ಹೇಳಿದ್ದು ತಮಾಷೆಯಾಗಿರಲಿಲ್ಲ. ಚಹಾದ ಗಾಡಿಯ ಹಿಂದಿನ ಕಟ್ಟೆಯ ಮೇಲೆ ಕೂತು, ಎರಡೂ ಕೈಯಲ್ಲಿ ಕಪ್ಪು ಹಿಡಿದು, ಚಹಾ ಮುಗಿಯುವಷ್ಟು ಹೊತ್ತು ಕಣ್ಣೀರು ಹರಿಯಬಿಟ್ಟಳು. ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಮುಖ ತೊಳೆದುಕೊಂಡು ಮನೆಗೆ ಫೋನು ಮಾಡಿ, ಮಗಳಿಗೆ ಮಿರ್ಚಿ ಭಜಿ ತರಲೇನು ಎಂದು ಕೇಳಿದಳು. ಚಹಾ ಗಾಡಿಯವನು ಆ ಕಡೆ ನೋಡದೆ ಪಾತ್ರೆ ತೊಳೆಯುತ್ತಿದ್ದ. ಅವನಿಗೆ ಇದು ಹೊಸದಲ್ಲ ಎಂದು ಕಾಣುತ್ತದೆ. ನಾನೂ ಕೂತು ನೋಡಿದೆ, ಬರುತ್ತದೇನೋ ಎಂದು. ಬರಲಿಲ್ಲ. ಅದಕ್ಕೂ ಒಂದು ಜಾಗ, ಒಂದು ರೂಢಿ ಬೇಕು.

ಮರುದಿನ ಕೆಲಸಕ್ಕೆ ಹೋದಾಗ ಗುರುಮಠಕಲ್ ಕಡೆಯಿಂದ ಬಂದ ಒಂದು ಹೊಸ ಕೂಸು ತೆಲುಗಿನಲ್ಲಿ ಅಳುತ್ತಿತ್ತು. ಕೆಂಪು ಫ್ರಾಕು ಅದಕ್ಕೆ ಸರಿ ಹೋಯಿತು. ನನ್ನ ಜೊತೆಯವಳು ನನ್ನ ಕೈಯಲ್ಲಿದ್ದ ಸುರಪುರದವಳ ಸೀರೆ ನೋಡಿ ಕಣ್ಣು ಅರಳಿಸಿದಳು.

“ಓಹೋ! ಕೂಸು ತರಾಕ ಹೋಗಿ ಸೀರಿ ತಂದೀದಿ! ಎಷ್ಟ್ ಮೆತ್ತಗದ ಅಮ್ಮಾ. ಹೊಸಾ ಕೂಸಿಗಿ ಕೌದಿ ಮಾಡು.”

“ಮಾಡ್ತೀನಿ. ಮೊದಲ ಒಗೀಬೇಕು.”

ಸಾಬೂನು ಪುಡಿ ಹಾಕಿ ನೆನೆಸಿದೆ. ಕಲ್ಲಿನ ಮೇಲೆ ಹಾಕಿ ಬಡಿದೆ, ಬೇಕಾದ್ದಕ್ಕಿಂತ ಹೆಚ್ಚೇ ಬಡಿದೆ. ನೀರು ತಿಳಿಯಾಯಿತು. ಬಣ್ಣ ಮಾತ್ರ ಬಿಡಲಿಲ್ಲ. ಒಳ್ಳೆಯ ಸೀರೆ.